ಎರೆ ಹೊಲದಾಗ ಗಾಲ್ಫು, ಭೀಮಾ ದಂಡ್ಯಾಗ ಜಿನ್ನು!

ಚಿತ್ರರಸಿಕರೇ, ಈ ದೃಶ್ಯ ನಿಮಗೆ ಗೊತ್ತಿರಲೇಬೇಕು.

ಹಸಿರು ಹುಲ್ಲಿನ ದೊಡ್ಡ ಮೈದಾನ. ಬಿಳಿ ಟೋಪಿ, ಬಿಳಿ ಷೂ ಹಾಕಿದ ಸಾಹುಕಾರ. ಕೈಯಲ್ಲಿ ಉದ್ದನೆಯ ಕೋಲು. ಬೇರೆ ಯಾರಲ್ಲ, ನಾಯಕಿಯ ತಂದೆ! ಚೆಂಡಿಗೆ ಒಂದು ಏಟು ಬಿಗಿದು, ಎದುರು ಬಂದು ನಿಂತ ಬಡ ನಾಯಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನನ್ನ ಮಗಳ ಒಂದು ದಿನದ ಖರ್ಚು ಎಷ್ಟು ಗೊತ್ತೇನಯ್ಯಾ?" ಎಂದು ಗುಡುಗುತ್ತಾನೆ. ಪಕ್ಕದ ಟೇಬಲ್ ಮೇಲೆ ಗಾಜಿನ ಲೋಟ. ಅದರಲ್ಲಿ ನೀರಿನಂಥ ಪೇಯ, ಮೇಲೆ ತೇಲುವ ನಿಂಬೆ ಹೋಳು. ಮುಂದಿನ ಬೆಂಚಿನವರು ಶಿಳ್ಳೆ ಹೊಡೆಯುವುದು ಸಾಹುಕಾರನಿಗಲ್ಲ, ತಿರುಗಿ ಉತ್ತರ ಕೊಡುವ ನಾಯಕನಿಗೆ!

ಅದೆಲ್ಲ ಸರಿ. ಆದರೆ ಆ ಕೋಲನ್ನೂ ಆ ಲೋಟವನ್ನೂ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ತರುತ್ತೇನೆಂದು ಯಾರಾದರೂ ಹೊರಟರೆ? ನಗಬೇಡಿ. ಹೊರಟಿದ್ದಾನೆ. ಅವನು ನನ್ನ ಅಕ್ಕನ ಮಗ!

ಅಳಿಯ ಎರಡು ವರ್ಷ ಬೆಂಗಳೂರು ಕಡೆಯ ಒಂದು ಗಾಲ್ಫ್ ರೆಸಾರ್ಟಿನಲ್ಲಿ ಹುಲ್ಲು ಕತ್ತರಿಸುವ ಕೆಲಸ ಮಾಡಿ ಊರಿಗೆ ಬಂದಿದ್ದ. ಮೇಲೆ ಹೇಳಿದ ದೃಶ್ಯದಲ್ಲಿ ಫ್ರೇಮಿನ ಮೂಲೆಯಲ್ಲಿ ಬಾಗಿ ನಿಂತ ಒಬ್ಬ ಕಾಣುತ್ತಾನಲ್ಲ, ಹೆಸರಿಲ್ಲದವನು, ಮಾತಿಲ್ಲದವನು? ಅವನೇ ನನ್ನ ಅಳಿಯ ಎಂದು ತಿಳಿಯಿರಿ. ಬೆಳಿಗ್ಗೆ ಗಾಲ್ಫು, ಸಂಜೆ ಜಿನ್ನಿನ ರುಚಿ ನೋಡುವ ಕೂಟ, ರಾತ್ರಿ ಹಾಡು. ಶನಿವಾರ ಬಂದು ಭಾನುವಾರ ಹೋಗುವ ಮಂದಿ ಎಣಿಸಿಕೊಡುವ ನೋಟುಗಳನ್ನು ಕಣ್ಣಾರೆ ಕಂಡು ಬಂದಿದ್ದ.

"ಮಾಮಾ, ನಮ್ದು ಭೀಮಾ ದಂಡಿ ಮ್ಯಾಲ ನಾಕ ಎಕರೆ ಹೊಲ ಅದ. ಒತ್ತಿ ಇಟ್ಟು ರೊಕ್ಕ ತೆಗೀತೀನಿ. ಗಾಲ್ಫ್ ಮಾಡ್ತೀನಿ, ಜಿನ್ ಇಡ್ತೀನಿ. ಕಲಬುರಗಿ ಮಂದಿ, ಸೋಲಾಪುರ ಮಂದಿ, ಹೈದರಾಬಾದ್ ಮಂದಿ ಎಲ್ಲಾರೂ ಬರ್ತಾರ ನೋಡ್ರಿ!"

ಅಕ್ಕ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ತಮ್ಮಾ, ನೀ ಬಂದು ಅವಗ ಒಂದೀಟ ಹೇಳು. ಆ ಹೊಲ ಬಿಟ್ರ ನಂಗ ಮತ್ತೇನೂ ಇಲ್ಲ."

ನಾನು ಹೋದೆ. ಆದರೆ ಹೋದ ತಕ್ಷಣ ಬೈಯಲಿಲ್ಲ. ವಯಸ್ಸಿನ ಹುಡುಗರಿಗೆ ಬೈದರೆ ಏನಾಗುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು! "ಮೂರು ದಿನ ನನ್ನ ಸಂಗಡ ತಿರುಗಾಡು. ನೀನು ಹೇಳಿದ್ದೆಲ್ಲ ಕೇಳ್ತೀನಿ. ಆಮೇಲೆ ನಾನೂ ಎರಡು ಮಾತು ಹೇಳ್ತೀನಿ" ಎಂದೆ. ಒಪ್ಪಿದ.

ಮೊದಲನೇ ದಿನ: ಜೇವರ್ಗಿ

ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಕಟ್ಟಿ ಸಂಗಾವಿಯ ಹತ್ತಿರ ಭೀಮೆಯ ಸೇತುವೆ ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿದರೆ ಎರಡೂ ಕಡೆ ಕಪ್ಪು ಎರೆ ಭೂಮಿ. ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವಂಥ ಅಂಟು, ಬೇಸಿಗೆಯಲ್ಲಿ ಕಾಲು ಸಿಕ್ಕುವಂಥ ಬಿರುಕು.

ಹೊಲದ ಬದುವಿನ ಮೇಲೆ ಕುಳಿತು ಅಳಿಯನಿಗೆ ಕೇಳಿದೆ: "ಗಾಲ್ಫ್ ಅಂದ್ರೇನು, ಸರಿಯಾಗಿ ಹೇಳು."

ಹುಡುಗ ಜಾಣ. ಎರಡು ವರ್ಷ ಸುಮ್ಮನೆ ಹುಲ್ಲು ಕತ್ತರಿಸಿರಲಿಲ್ಲ, ಆಟವನ್ನೂ ನೋಡಿದ್ದ. ಹದಿನೆಂಟು ಗುಂಡಿ. ಪ್ರತಿ ಗುಂಡಿಯ ಅಗಲ ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರು. ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಮು. ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲು ಇರಕೂಡದು. ಒಂದೊಂದು ಗುಂಡಿಗೂ ಇಷ್ಟು ಏಟು ಎಂಬ ಲೆಕ್ಕ ಇದೆ, ಅದಕ್ಕೆ 'ಪಾರ್' ಎನ್ನುತ್ತಾರೆ. ಒಂದು ಏಟು ಕಡಿಮೆಯಾದರೆ 'ಬರ್ಡಿ', ಎರಡು ಕಡಿಮೆಯಾದರೆ 'ಈಗಲ್', ಒಂದು ಹೆಚ್ಚಾದರೆ 'ಬೋಗಿ'. ಬೇರೆ ಆಟದಲ್ಲಿ ಹೆಚ್ಚು ಹೊಡೆದವನು ಗೆದ್ದರೆ, ಇಲ್ಲಿ ಕಡಿಮೆ ಹೊಡೆದವನೇ ಗೆದ್ದ!

"ಅಂದ್ರ ನಮ್ಮ ಚಿಣಿ-ದಾಂಡು, ಗೋಟಿ ಎರಡೂ ಕೂಡಿ ಮದುವಿ ಆದಂಗ" ಎಂದೆ. ಅಳಿಯ ಬಿದ್ದು ಬಿದ್ದು ನಕ್ಕ.

ಆಟದ ತವರು ಸ್ಕಾಟ್ಲೆಂಡು. ಅಲ್ಲಿಯ ತಮಾಷೆ ಕೇಳಿ. 1457ರಲ್ಲಿ ಅಲ್ಲಿನ ರಾಜ ಈ ಆಟವನ್ನೇ ನಿಷೇಧಿಸಿದ್ದ! ಹುಡುಗರು ಬಿಲ್ಲು ಬಾಣದ ಅಭ್ಯಾಸ ಬಿಟ್ಟು ಚೆಂಡು ಹೊಡೆಯುತ್ತ ಕೂತರೆ ಯುದ್ಧ ಮಾಡುವವರಾರು ಎಂಬುದು ರಾಜನ ಚಿಂತೆ. ಆಗಿನ ಕಾಲದ ಹುಡುಗರೂ ನಿಮ್ಮ ಹಾಗೆಯೇ, ಮಾತು ಕೇಳಲಿಲ್ಲ. ಸೇಂಟ್ ಆಂಡ್ರೂಸ್ ಎಂಬ ಊರಿನ ಮೈದಾನದಲ್ಲಿ 1764ರಲ್ಲಿ 22 ಗುಂಡಿಗಳ ಆಟವನ್ನು 18ಕ್ಕೆ ಇಳಿಸಿದರು. ಮುಂದೆ ಇಡೀ ಜಗತ್ತು ಅದೇ ಲೆಕ್ಕ ಹಿಡಿಯಿತು. ಬ್ರಿಟಿಷರು ಹೋದಲ್ಲೆಲ್ಲ ಆಟವನ್ನು ಹೊತ್ತೊಯ್ದರು. 1829ರಲ್ಲಿ ಕಲ್ಕತ್ತೆ, 1876ರಲ್ಲಿ ನಮ್ಮ ಬೆಂಗಳೂರು. ಕೋಲಾರದ ಚಿನ್ನದ ಗಣಿಯ ಊರಿನಲ್ಲೂ ಬಿಳಿಯರಿಗೆ ಕ್ಲಬ್ಬು, ಗಾಲ್ಫ್ ಮೈದಾನ ಇದ್ದವು. 2018ರಲ್ಲಿ 'ಕೆ.ಜಿ.ಎಫ್' ಚಿತ್ರ ಬಂದಾಗ ಥಿಯೇಟರಿನಲ್ಲಿ ಕಾಗದ ತೂರಿ ಕುಣಿದವರು ನೀವು. ಆ ಊರಿನಲ್ಲಿ ನೆಲದ ಮೇಲೆ ಒಬ್ಬ ಗಾಲ್ಫ್ ಆಡುವಾಗ ನೆಲದ ಕೆಳಗೆ ಆಳದಲ್ಲಿ ಇನ್ನೊಬ್ಬ ಬಂಡೆ ಒಡೆಯುತ್ತಿದ್ದ ಎಂಬುದನ್ನು ಮರೆಯಬೇಡಿ. ಗಣಿ 2001ರಲ್ಲಿ ಮುಚ್ಚಿತು.

"ಇರ್ಲಿ, ಈಗ ಲೆಕ್ಕ ಮಾಡು" ಎಂದೆ. ಹದಿನೆಂಟು ಗುಂಡಿಯ ಮೈದಾನಕ್ಕೆ ನೂರು ಎಕರೆಗಿಂತ ಹೆಚ್ಚು ನೆಲ ಬೇಕು. ಇರುವುದು ನಾಲ್ಕು. ಹುಲ್ಲಿಗೆ ವರ್ಷವಿಡೀ ನೀರು ಬೇಕು. ಬೇಸಿಗೆಯಲ್ಲಿ ಭೀಮೆಯ ಒಡಲು ಎಷ್ಟೋ ಕಡೆ ಬರೀ ಮರಳು, ಬಿಸಿಲು 42 ಡಿಗ್ರಿ ದಾಟುತ್ತದೆ.

ಅಷ್ಟರಲ್ಲಿ ಪಕ್ಕದ ಹೊಲದ ಮುದುಕರೊಬ್ಬರು ಬಂದು ಕೂತಿದ್ದರು. ಎಲ್ಲಾ ಕೇಳಿಸಿಕೊಂಡು ನಿಧಾನಕ್ಕೆ ಹೇಳಿದರು: "ಏ ತಮ್ಮಾ, ಹದಿನೆಂಟು ಗುಂಡಿ ತೋಡೋದು ಯಾಕಪಾ? ಚೈತ್ರದಾಗ ಬಾ. ಎರೆ ಹೊಲದಾಗ ಹದಿನೆಂಟ ಸಾವಿರ ಬಿರುಕು ಇರ್ತಾವ. ಚೆಂಡು ಹೋತಂದ್ರ ಮಳಿಗಾಲಕ್ಕ ಮೊಳಕಿ ಆಗೇ ಬರಬೇಕು!"

ಅಳಿಯನ ಮುಖ ಸಣ್ಣದಾಯಿತು. ಆದರೆ ಹುಡುಗ ಸೋಲುವವನಲ್ಲ. "ಗಾಲ್ಫ್ ಹೋದ್ರ ಹೋಗ್ಲಿ ಮಾಮಾ, ಜಿನ್ ಅದಲ್ಲ!" ಎಂದ.

ಎರಡನೇ ದಿನ: ಅಫಜಲಪುರ

ಅಫಜಲಪುರದ ದಾರಿಯಲ್ಲಿ ಕಬ್ಬಿನ ಗಾಡಿ ಟ್ರ್ಯಾಕ್ಟರುಗಳ ಸಾಲು. ಈ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ, ಆಳಂದ ತಾಲ್ಲೂಕಿನ ಭೂಸನೂರಿನಲ್ಲೂ ಇದೆ. ನಾವಿಬ್ಬರೂ ಮೊದಲು ಗಾಣಗಾಪುರಕ್ಕೆ ಹೋಗಿ, ಭೀಮಾ ಅಮರ್ಜಾ ಸಂಗಮದಲ್ಲಿ ಕಾಲು ತೊಳೆದು, ದತ್ತನ ಪಾದುಕೆಗೆ ಕೈ ಮುಗಿದೆವು. ಮಹಾರಾಷ್ಟ್ರದಿಂದ ಬಂದ ಭಕ್ತರು ಅಲ್ಲಿ ಐದು ಮನೆ ಭಿಕ್ಷೆ ಬೇಡಿ ಉಣ್ಣುತ್ತಾರೆ. ಸಾಹುಕಾರರೂ ಜೋಳಿಗೆ ಹಿಡಿಯುತ್ತಾರೆ! ಅಳಿಯ ಅದನ್ನೇ ನೋಡುತ್ತ ನಿಂತಿದ್ದ.

ಆಮೇಲೆ ಚಹಾದ ಅಂಗಡಿಯಲ್ಲಿ ಕುಳಿತು ಜಿನ್ನಿನ ಕಥೆ ಶುರು ಮಾಡಿದೆವು.

ಜಿನ್ನು ಆಕಾಶದಿಂದ ಇಳಿದದ್ದಲ್ಲ. ಬಣ್ಣವಿಲ್ಲದ, ರುಚಿಯಿಲ್ಲದ ಶುದ್ಧ ಮದ್ಯಸಾರಕ್ಕೆ ಜುನಿಪರ್ ಎಂಬ ಗಿಡದ ಕಾಯಿಯ ವಾಸನೆ ಹತ್ತಿಸಿ ಮತ್ತೊಮ್ಮೆ ಭಟ್ಟಿ ಇಳಿಸಿದರೆ ಅದು ಜಿನ್ನು. ಜುನಿಪರ್ ಬಿಟ್ಟರೆ ಅದರಲ್ಲಿ ಹೆಚ್ಚಾಗಿ ಬೀಳುವ ಎರಡನೇ ಸಾಮಾನು ಯಾವುದು ಗೊತ್ತೇ? ನಮ್ಮ ಹವೀಜ! ಅಕ್ಕ ಸಾರಿಗೆ ಹಾಕುವ ಅದೇ ಹವೀಜ! ಇನ್ನು ಮದ್ಯಸಾರ ಎಲ್ಲಿಂದ? ನಮ್ಮ ದೇಶದಲ್ಲಿ ಅದನ್ನು ಕಾಳಿನಿಂದಲೂ ತೆಗೆಯುತ್ತಾರೆ, ಸಕ್ಕರೆ ಮಾಡಿ ಉಳಿದ ಕಾಕಂಬಿಯಿಂದಲೂ ತೆಗೆಯುತ್ತಾರೆ. ಅಂದರೆ ಸಾಹುಕಾರನ ಲೋಟದ ಒಳಗೆ ಎಲ್ಲೋ ಒಬ್ಬ ರೈತ ಇದ್ದೇ ಇದ್ದಾನೆ. ಗೋವಾದಲ್ಲಿ 2017ರಿಂದೀಚೆಗೆ ಹೊಸ ಹೊಸ ಜಿನ್ನು ಮಾಡುವವರು ಎದ್ದರು. 1948ರಲ್ಲಿ ಶುರುವಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಕೂಡ ನೀಲಗಿರಿಯ ಹೆಸರಿನಲ್ಲಿ ಒಂದು ಜಿನ್ನು ತಂದಿತು.

"ಅಲ್ಲಿ ರುಚಿ ನೋಡೋದು ಹ್ಯಾಂಗ?" ಎಂದು ಕೇಳಿದೆ.

"ಮೊದಲ ಮೂಸಿ ನೋಡ್ತಾರ ಮಾಮಾ. ಆಮ್ಯಾಲ ಒಂದ ಗುಟುಕು ಬಾಯಾಗ ಆಡಸ್ತಾರ. ನಾಕೈದು ನಮೂನಿ ನೋಡಬೇಕಲ್ಲ, ಕೆಲವರು ಉಗುಳ್ತಾರ."

ಚಹಾದ ಅಂಗಡಿಯಾತ ಕೆಟಲ್ ಹಿಡಿದು ಅಲ್ಲೇ ನಿಂತ. "ಉಗುಳಾಕ ರೊಕ್ಕ ಕೊಡ್ತಾರೇನ್ರಿ? ನಮ್ಮೂರಾಗ ರೊಕ್ಕ ಕೊಟ್ಟವ ಲೋಟ ನೆಕ್ಕಿ ಹೋಗ್ತಾನ್ರಿ!"

ನಕ್ಕೆವು. ಆದರೆ ಆ ನಗೆಯ ಹಿಂದೆಯೇ ಒಂದು ಮಾತಿದೆ ಮಿತ್ರರೇ, ಸ್ವಲ್ಪ ಕೇಳಿ.

ಇವತ್ತು ಸಾಹುಕಾರನ ಟೇಬಲ್ ಮೇಲೆ ಕೂತ ಈ ಜಿನ್ನು ಮುನ್ನೂರು ವರ್ಷದ ಹಿಂದೆ ಲಂಡನ್ನಿನ ಬಡವರ ಸಾರಾಯಿ! ಹಾಲೆಂಡಿನಿಂದ ಬಂದ ಪೇಯ, ಅಗ್ಗದ ದರ, ಓಣಿಗೊಂದು ಅಂಗಡಿ. ಕೂಲಿಯವನು ದಿನದ ದುಡಿಮೆಯನ್ನು ಅಲ್ಲೇ ಸುರಿದು ಮನೆಗೆ ಬರಿಗೈಯಲ್ಲಿ ಹೋಗುತ್ತಿದ್ದ. 1751ರಲ್ಲಿ ಹೋಗಾರ್ತ್ ಎಂಬ ಚಿತ್ರಗಾರ 'ಜಿನ್ ಓಣಿ' ಎಂಬ ಚಿತ್ರ ಬರೆದ. ಕುಡಿದ ತಾಯಿಯ ಕೈಯಿಂದ ಕೂಸು ಜಾರಿ ಬೀಳುತ್ತಿದೆ, ಆಕೆಗೆ ಗೊತ್ತೇ ಇಲ್ಲ! ಅದೇ ವರ್ಷ ಸರ್ಕಾರ ಕಾನೂನು ತಂದು ಮಾರಾಟಕ್ಕೆ ಕಡಿವಾಣ ಹಾಕಿತು. ಮುಂದೆ ಬಿಳಿಯರು ಇಂಡಿಯಾಕ್ಕೆ ಬಂದರು, ಮಲೇರಿಯಾ ಬಂತು. ಸಿಂಕೋನಾ ತೊಗಟೆಯ ಕಹಿ ಕ್ವಿನೈನನ್ನು ಸೋಡಾ, ಸಕ್ಕರೆ ಕೂಡಿಸಿ ಕುಡಿದರು, ಅದಕ್ಕೆ ಜಿನ್ನು ಬೆರೆಸಿದರು. ಹೀಗೆ ಓಣಿಯ ಸಾರಾಯಿ ಕ್ಲಬ್ಬಿನ ಪೇಯವಾಯಿತು. ಗಾಲ್ಫ್ ಆಡಿ ದಣಿದು ಬಂದವರು ಕೂರುವ ಬಾರಿಗೆ '19ನೇ ಗುಂಡಿ' ಎಂಬ ಅಡ್ಡಹೆಸರೂ ಬಂತು. ಸೇಂಟ್ ಆಂಡ್ರೂಸ್ ಸೀಮೆಯಲ್ಲಿ ಈಗ ಜಿನ್ನಿನ ಭಟ್ಟಿಯೂ ಇದೆ. ಆಟಕ್ಕೆ ಬಂದವನು ಅದನ್ನೂ ನೋಡಿ ಹೋಗುತ್ತಾನೆ.

"ಅದನ್ನ ನಾವೂ ಮಾಡಬಹುದಲ್ಲ?" ಎಂದ ಅಳಿಯ.

"ಹೊಲದಾಗ ಭಟ್ಟಿ ಹಚ್ಚಿದ್ರ ಅದು ಜಿನ್ನಲ್ಲ ಅಪ್ಪಾ, ಕಳ್ಳಭಟ್ಟಿ. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸೋದು, ಮಾರೋದು ಎರಡೂ ಅಪರಾಧ. ಅಬಕಾರಿಯವರು ಬಂದ್ರ ನಿನ್ನ ರೆಸಾರ್ಟಿಗೆ ಮೊದಲ ಗಿರಾಕಿ ಅವರೇ!"

ಕಾನೂನಿನ ಮಾತು ಒಂದು ಕಡೆ ಇರಲಿ, ಜೀವದ ಮಾತು ಇನ್ನೊಂದು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರಲ್ಲಿ ಬೆಂಗಳೂರು, ಕೋಲಾರ ಹಾಗೂ ತಮಿಳುನಾಡಿನ ಗಡಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು. ಇಂಥ ಕಡೆ ಕೊಲ್ಲುವುದು ಮೆಥನಾಲ್. ಕಣ್ಣಿಗೆ, ಮೂಗಿಗೆ ಅದಕ್ಕೂ ಕುಡಿಯುವ ಮದ್ಯಸಾರಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ.

ಮೂರನೇ ದಿನ: ಆಳಂದ

ಆಳಂದಕ್ಕೆ ಕರೆದುಕೊಂಡು ಹೋದದ್ದು ಬೇಕೆಂದೇ. ಅದು ಭಾವನ ಊರು. ಅಳಿಯನ ಅಪ್ಪನ ಊರು.

ಲಾಡ್ಲೆ ಮಶಾಯಕರ ದರ್ಗಾಕ್ಕೆ ಹೋಗಿ ಬಂದೆವು. ಹಿಂದೂ ಮುಸ್ಲಿಂ ಎನ್ನದೆ ಜನ ಬರುವ ಜಾಗ. ಶರಣ ಏಕಾಂತದ ರಾಮಯ್ಯ ಹುಟ್ಟಿದ ಊರೂ ಇದೇ. ಆಮೇಲೆ ಬಸ್ ಸ್ಟ್ಯಾಂಡಿನ ಕಲ್ಲಿನ ಕಟ್ಟೆಯ ಮೇಲೆ ಕುಳಿತೆವು. ಇಂಥದೊಂದು ಸ್ಟ್ಯಾಂಡಿನಲ್ಲೇ ನೀವೂ ಈ ಪತ್ರಿಕೆ ಕೊಂಡಿರಬಹುದು.

ನಮ್ಮ ಸೀಮೆ 1948ರವರೆಗೆ ನಿಜಾಮನ ರಾಜ್ಯ. ಈಚಲ ಮರದ ಸೇಂದಿ, ಭಟ್ಟಿಯ ಸಾರಾಯಿ ಆಗ ಸರ್ಕಾರದ ಬೊಕ್ಕಸ ತುಂಬುವ ದೊಡ್ಡ ದಾರಿ. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು, ಸೇಂದಿಯೂ ಸಾರಾಯಿಯೂ ಸಂಗಡವೇ ಬಂದವು. ಒಳನಾಡಿನಲ್ಲಿ ಸೇಂದಿ 2004ರಲ್ಲಿ ನಿಂತಿತು. ಸಾರಾಯಿ ಪಾಕೀಟು 2007ರ ಜುಲೈ 1ರಂದು ನಿಂತಿತು. ಅಂಗಡಿ ಮುಚ್ಚಿತು, ಚಟ ಮುಚ್ಚಲಿಲ್ಲ. ಬೇರೆ ಸೀಸೆಯಲ್ಲಿ, ಬೇರೆ ಚೀಟಿ ಅಂಟಿಸಿಕೊಂಡು, ಹೆಚ್ಚಿನ ದರಕ್ಕೆ ಬಂತು. 2019ರ ಜನವರಿಯಲ್ಲಿ ಹಳ್ಳಿಗಳ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ಮದ್ಯ ನಿಲ್ಲಿಸಿ ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಭಾವ ಪಾಕೀಟಿನ ಕಾಲದವರು. ಒಳ್ಳೆ ಮನುಷ್ಯ. ಸಿನಿಮಾ ಹುಚ್ಚು ವಿಪರೀತ. ಅಣ್ಣಾವ್ರ ಚಿತ್ರ ಬಂದರೆ ಮೊದಲ ದಿನ, ಮೊದಲ ಆಟ! 1992ರಲ್ಲಿ 'ಜೀವನ ಚೈತ್ರ' ಬಂದಾಗ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋಗಿದ್ದರು. ದೊರೈ-ಭಗವಾನ್ ನಿರ್ದೇಶನ. ಹಳ್ಳಿಗೆ ಹೊಕ್ಕ ಹೆಂಡದ ವಿರುದ್ಧ ನಿಲ್ಲುವ ಹಿರಿಯನ ಪಾತ್ರ ರಾಜ್‌ಕುಮಾರ್ ಅವರದು. ಆ ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಸಿಗರೇಟು, ಸೀಸೆ ಹಿಡಿದು ಗಂಡಸುತನ ತೋರಿಸುವ ಪಾತ್ರ ನನಗೆ ಬೇಡ ಎಂದ ನಟ ಅವರು. ಚಿತ್ರ ಮುಗಿದಾಗ ಭಾವನ ಕಣ್ಣು ಒದ್ದೆಯಾಗಿತ್ತು. "ಇವತ್ತಿಂದ ಬಿಟ್ಟೆ ನೋಡೋ" ಎಂದಿದ್ದರು.

ಬಿಟ್ಟರು. ನಾಲ್ಕು ತಿಂಗಳು.

ಆಮೇಲೆ? ಆರು ಎಕರೆ ಇದ್ದ ಹೊಲ ನಾಲ್ಕು ಎಕರೆ ಆಯಿತು. ಪಾಕೀಟು ನಿಂತ ಮೇಲೆ ಕಿರಾಣಿ ಅಂಗಡಿಯ ಹಿಂಬಾಗಿಲಲ್ಲಿ ಸಿಗುವ ಸೀಸೆ ಹಿಡಿದರು. ಅಳಿಯ ಏಳನೇ ಇಯತ್ತೆಯಲ್ಲಿದ್ದಾಗ ಭಾವನ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು, ಮಳೆಗಾಲ ಮುಗಿಯುವುದರೊಳಗೆ ಮನುಷ್ಯ ಮುಗಿದರು.

ಅಳಿಯ ಇದನ್ನೆಲ್ಲ ತುಂಡು ತುಂಡಾಗಿ ಕೇಳಿದ್ದ. ಚಿತ್ರ ನೋಡಿ ಅಪ್ಪ ಅತ್ತದ್ದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ. ಎರಡು ಬಸ್ಸು ಬಂದು ಹೋದವು.

ಆಮೇಲೆ ಅವನೇ ಹೇಳಿದ: "ಮಾಮಾ, ಅಲ್ಲಿ ಹದಿನೆಂಟು ಗುಂಡಿ ಆಡಿದ ಮ್ಯಾಲ ಹತ್ತೊಂಬತ್ತನೇದಕ್ಕ ಹೋಗ್ತಾರ. ನಮ್ಮೂರಾಗ ಮೊದಲನೇ ಗುಂಡೀನ ಹತ್ತೊಂಬತ್ತನೇದು. ಅಪ್ಪ ಅದರಾಗೇ ಬಿದ್ದ."

ನಾನು ಮೂರು ದಿನದಿಂದ ಹೇಳಬೇಕೆಂದುಕೊಂಡಿದ್ದ ಮಾತನ್ನು ಹುಡುಗ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ!

ಹಾಗಾದರೆ ಕೋಲು ಹಿಡಿಯುವುದೇ ಬೇಡವೇ?

ಯಾರು ಹೇಳಿದರು ಹಾಗೆ? ಆಟ ಸಾಹುಕಾರನ ಸ್ವತ್ತಲ್ಲ. ಬೆಂಗಳೂರಿನ ಸಿ. ಮುನಿಯಪ್ಪ ಎಂಬಾತನ ಹೆಸರು ಕೇಳಿದ್ದೀರಾ? ಬೇರೆಯವರ ಕೋಲಿನ ಚೀಲ ಹೊರುವ ಕ್ಯಾಡಿ ಆಗಿದ್ದವರು. ಆಡುವವರನ್ನು ನೋಡಿ ನೋಡಿ ಕಲಿತು, 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು! ಎಸ್. ಚಿಕ್ಕರಂಗಪ್ಪ ಕೂಡ ಬಿಡದಿ ಕಡೆಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಬಡ ಮನೆಯ ಹುಡುಗ. ಇವತ್ತು ವೃತ್ತಿಪರ ಆಟಗಾರ. ಇನ್ನು ಬೆಂಗಳೂರಿನ ಹೆಣ್ಣುಮಗಳು ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ. ಪದಕ ಕೂದಲೆಳೆಯಲ್ಲಿ ತಪ್ಪಿತು. ಅವತ್ತು ಬೆಳಗಿನ ಜಾವ ಗಾಲ್ಫ್ ಗೊತ್ತಿಲ್ಲದವರೂ ಟಿ.ವಿ. ಮುಂದೆ ಕೂತಿದ್ದರು.

ಫ್ರೇಮಿನ ಮೂಲೆಯಲ್ಲಿ ನಿಂತವನು ನಡುವಿಗೆ ಬರಬಹುದು ಮಿತ್ರರೇ. ಆದರೆ ಹೊಲ ಒತ್ತೆ ಇಟ್ಟು ಅಲ್ಲ. ಕೈಯ ಕಸುಬಿನಿಂದ.

ಇನ್ನು ರಜೆಯ ಮಾತು. ಪೇಟೆಯವರು ಹಳ್ಳಿಗೆ ಬಂದು ಒಂದು ದಿನ ಸುಖವಾಗಿ ಇರಬೇಕು, ಅದರಿಂದ ನಾಲ್ಕು ಕಾಸು ಹುಟ್ಟಬೇಕು ಎಂಬ ಅಳಿಯನ ಆಸೆ ತಪ್ಪೇನಲ್ಲ. ಅದಕ್ಕೆ ನಮ್ಮಲ್ಲಿ ಇಲ್ಲದ್ದನ್ನು ತರಬೇಕೇ?

ಉತ್ತರ ಕೊಟ್ಟವಳು ಅಕ್ಕ. ರಾತ್ರಿ ರೊಟ್ಟಿ ಬಡಿಯುತ್ತ, ನಮ್ಮ ಕಡೆ ತಿರುಗದೆ ಹೇಳಿದಳು: "ಎಳ್ಳಮಾಸಿಗೆ ಊರಿಗೂರೇ ಹೊಲಕ್ಕ ಹೋಗ್ತದ. ಅದು ರಜಾ ಅಲ್ಲೇನು? ಅದನ್ನ ನೋಡಾಕ ಬರ್ರಿ ಅನ್ನು ನಿನ್ನ ಮಂದೀಗಿ."

ಹೌದಲ್ಲ! ಎಳ್ಳ ಅಮಾವಾಸ್ಯೆ ನಮ್ಮ ಸೀಮೆಯ ಹೊಲದ ಹಬ್ಬ. ಜೋಳ ಎದೆಯೆತ್ತರ ನಿಂತಿರುತ್ತದೆ, ತೊಗರಿ ಕಾಯಿ ಕಟ್ಟಿರುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಜಿ.ಐ. ಮಾನ್ಯತೆಯೂ ಸಿಕ್ಕಿದೆ. ಬುಟ್ಟಿ ಕಟ್ಟಿಕೊಂಡು ಹೋಗಿ, ಹೊಲಕ್ಕೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಲೆ, ಶೇಂಗಾ ಹಿಂಡಿ, ಕಡಬು, ಮೇಲೆ ಮಜ್ಜಿಗೆ. ಸ್ವಲ್ಪ ದಿನ ಕಳೆದರೆ ಸೀತನಿ. ಹಾಲುಗಾಳು ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಬಿಸಿಯಾಗಿ ಉಜ್ಜಿ ಬಾಯಿಗೆ ಹಾಕಿಕೊಂಡರೆ ಯಾವ ಕ್ಲಬ್ಬಿನ ತಿಂಡಿ ಅದರ ಮುಂದೆ ನಿಂತೀತು?

ಅಳಿಯ ಹೊಲ ಒತ್ತೆ ಇಡಲಿಲ್ಲ. ಹೋದ ಎಳ್ಳಮಾಸಿಗೆ ಕಲಬುರಗಿಯಿಂದ ಹನ್ನೊಂದು ಜನ ಗೆಳೆಯರನ್ನು ಕರೆತಂದ. ತಲೆಗಿಷ್ಟು ಎಂದು ಊಟದ ದುಡ್ಡು ಇಸಿದುಕೊಂಡ. ಬೆಂಗಳೂರಿನಿಂದ ಅವನು ತಂದದ್ದು ಒಂದೇ ಒಂದು ಹಳೆಯ ಗಾಲ್ಫ್ ಕೋಲು, ಯಾರೋ ಬಿಸಾಕಿದ್ದು. ಬದುವಿನ ಹತ್ತಿರ ಒಂದೇ ಒಂದು ಗುಂಡಿ ತೋಡಿ ಎಲ್ಲರಿಗೂ ಮೂರು ಮೂರು ಏಟು ಕೊಟ್ಟ. ಒಬ್ಬರ ಚೆಂಡೂ ಬೀಳಲಿಲ್ಲ. ಕೊನೆಗೆ ಅಕ್ಕ ಸೆರಗು ಸಿಕ್ಕಿಸಿ ಬಂದಳು. ಚಿಕ್ಕಂದಿನಲ್ಲಿ ನನ್ನ ಸಂಗಡ ಗೋಟಿ ಆಡಿದ ಕೈ ಅದು. ಕೋಲನ್ನು ಪಕ್ಕಕ್ಕಿಟ್ಟಳು. ಚೆಂಡನ್ನು ಬೆರಳಿನಿಂದ ಚಿಮ್ಮಿದಳು.

ನೇರ ಗುಂಡಿಯೊಳಗೆ!

ಹುಡುಗರು ಹೊಡೆದ ಶಿಳ್ಳೆ ಭೀಮಾ ದಂಡೆ ದಾಟಿ ಕೇಳಿರಬೇಕು. ಬಾಜಿ ಗೆದ್ದವಳಿಗೆ ಬಹುಮಾನ ಬೇಕಲ್ಲ? ಅಳಿಯ ಒಂದು ಚೊಂಬು ಮಜ್ಜಿಗೆ ತಂದು, ಮೇಲೆ ಒಂದು ನಿಂಬೆ ಹೋಳು ತೇಲಿಬಿಟ್ಟು, ಅವ್ವನ ಕೈಗೆ ಕೊಟ್ಟ.